ಬದು ಎಲ್ಲಿದೆ, ನಮ್ಮ ಹೊಲ ಯಾವ ಕಡೆ: ಹಲವು ಹಂತದ ಅಸಮತೆಗಳನ್ನು ಬಿಡಿಸುವ ಸಮಗ್ರ ಮಾರ್ಗದರ್ಶಿ

ಹಾಸನದ ಆಲೂಗಡ್ಡೆ ಬೆಳೆಗಾರ "ಎಕರೆಗೆ ಎಂಬತ್ತು ಮೂಟೆಯಾದರೂ ಬರಬೇಕು, ಇಲ್ಲಾಂದ್ರೆ ಗಿಟ್ಟೋದಿಲ್ಲ" ಅಂದರೆ ಅದು ಅಸಮತೆ. ಚಿಕ್ಕಮಗಳೂರಿನ ತೋಟದ ಕಣದಲ್ಲಿ "ಕಾಫಿ ತೇವ ಶೇಕಡ ಹತ್ತು ಮೀರಬಾರದು" ಅಂದರೆ ಅದೂ ಅಸಮತೆ. ದಿನವಿಡೀ ನಾವಾಡುವ ಮಾತಿನಲ್ಲಿ 'ಇಷ್ಟೇ ಸಮ' ಅನ್ನುವುದು ಅಪರೂಪ. ಸಾಲಬೇಕು, ಮೀರಬಾರದು, ಇಷ್ಟಾದರೂ ಬೇಕು ಅನ್ನುವುದೇ ಹೆಚ್ಚು. ಹೀಗಿದ್ದೂ ಸಮೀಕರಣವನ್ನು ಸಲೀಸಾಗಿ ಬಿಡಿಸುವ ಮಕ್ಕಳು ಪಿಯುಸಿ ಮೊದಲ ವರ್ಷದ ಅಸಮತೆ ಪಾಠದಲ್ಲಿ ಎಡವುತ್ತಾರೆ. ಎಡವುವ ಜಾಗ ಹೆಚ್ಚೂಕಡಿಮೆ ಎಲ್ಲರಿಗೂ ಒಂದೇ.

ಸಮೀಕರಣದ ಉತ್ತರ ಒಂದು ಸಂಖ್ಯೆ. ಅಸಮತೆಯ ಉತ್ತರ ಒಂದು ಹೊಲ ಇದ್ದ ಹಾಗೆ. ಅದಕ್ಕೆ ಮೂರು ವಿಷಯ ಗೊತ್ತಾಗಬೇಕು: ಬದು ಎಲ್ಲಿದೆ, ನಮ್ಮ ಹೊಲ ಬದುವಿನ ಯಾವ ಕಡೆಗಿದೆ, ಬದು ನಮ್ಮದೋ ಪಕ್ಕದವರದೋ. ಬದು ಅಂದರೆ ಗಡಿ ಸಂಖ್ಯೆ. ಕಡೆ ಅಂದರೆ ಅದಕ್ಕಿಂತ ದೊಡ್ಡವೋ ಚಿಕ್ಕವೋ ಅನ್ನುವುದು. ಬದು ನಮ್ಮದಾದರೆ ≤ ಅಥವಾ ≥, ನಮ್ಮದಲ್ಲದಿದ್ದರೆ < ಅಥವಾ >. ಮುಂದಿನ ಎಲ್ಲ ಲೆಕ್ಕಗಳಲ್ಲೂ ಈ ಮೂರನ್ನೇ ಹುಡುಕುತ್ತೇವೆ.

ಬರವಣಿಗೆಯ ಬಗ್ಗೆ ಒಂದು ಮಾತು. ಪಠ್ಯಪುಸ್ತಕ 'ಎಕ್ಸ್' ಎಂದು ಬರೆಯುವಲ್ಲಿ ಇಲ್ಲಿ 'ಕ' ಎಂದು ಬರೆದಿದೆ. ದಿನಬಳಕೆಯ ಲೆಕ್ಕಗಳಲ್ಲಿ ಮೂಟೆಗೆ 'ಮ', ತೂಕಕ್ಕೆ 'ತ' ಹೀಗೆ. ಅಕ್ಷರ ಬದಲಾದರೆ ಲೆಕ್ಕ ಬದಲಾಗುವುದಿಲ್ಲ.

ಮೊದಲು ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಿ

ವ್ಯಾವಹಾರಿಕ ಲೆಕ್ಕಗಳಲ್ಲಿ ಅರ್ಧದಷ್ಟು ತಪ್ಪು ಬೀಜಗಣಿತ ಶುರುವಾಗುವ ಮುಂಚೆಯೇ ಆಗಿರುತ್ತದೆ. 'ಕನಿಷ್ಠ' ಎಂಬ ಪದ ಕಂಡ ತಕ್ಷಣ, ಕಡಿಮೆ ಎಂಬ ಅರ್ಥ ಮನಸ್ಸಿಗೆ ಬಂದು ಕೈ ≤ ಬರೆದುಬಿಡುತ್ತದೆ. ಆದರೆ 'ಕನಿಷ್ಠ 80 ಮೂಟೆ' ಅಂದರೆ 80 ಅಥವಾ ಅದಕ್ಕಿಂತ ಜಾಸ್ತಿ, ಅಂದರೆ ≥. 'ಏನಿಲ್ಲವೆಂದರೂ', 'ಆದರೂ ಬೇಕು', 'ಕಡಿಮೆಯಾಗಬಾರದು', 'ವರ್ಷ ತುಂಬಿರಬೇಕು' ಇವೆಲ್ಲವೂ ≥. 'ಗರಿಷ್ಠ', 'ಹೆಚ್ಚೆಂದರೆ', 'ಮೀರಬಾರದು', 'ವರೆಗೆ' ಇವು ≤. 'ದಾಟಿದರೆ', 'ಮೀರಿದರೆ' ಅಂದಾಗ ಬದು ನಮ್ಮದಲ್ಲ, ಆದ್ದರಿಂದ >. 'ಒಳಗೆ' ಅನ್ನುವುದು ಮಾತ್ರ ಸಂದರ್ಭ ನೋಡಿ ತೀರ್ಮಾನಿಸಬೇಕಾದ ಪದ. 'ಎರಡು ಸಾವಿರದೊಳಗೆ ಮುಗಿಸು' ಅಂದವರಿಗೆ ಸರಿಯಾಗಿ ಎರಡು ಸಾವಿರ ಖರ್ಚಾದರೆ ಬೇಸರವಿಲ್ಲ, ಅಲ್ಲಿ ≤. '10 ಗಂಟೆಯೊಳಗೆ ಬಾ' ಎಂದು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಹೇಳಿದರೆ 10ಕ್ಕೆ ಬಾಗಿಲು ಮುಚ್ಚಿರಬಹುದು, ಅಲ್ಲಿ <.

ಕನ್ನಡದ 'ಗಿಂತ' ಇನ್ನೊಂದು ಬಲೆ. 'ಕ ಎಂಬುದು 30ಕ್ಕಿಂತ ಕಡಿಮೆ' ಅಂದರೆ ಕ < 30. 'ಕ-ಗಿಂತ 30 ಕಡಿಮೆ' ಅಂದರೆ ಕ − 30, ಅದು ಅಸಮತೆಯೇ ಅಲ್ಲ, ಬರೀ ಒಂದು ಪದೋಕ್ತಿ. 'ಕಡಿಮೆ'ಯ ಹಿಂದೆಯೇ ಒಂದು ಸಂಖ್ಯೆ ನಿಂತಿದ್ದರೆ ಕಳೆಯುವ ಮಾತು, 'ಕಡಿಮೆ'ಯ ಹಿಂದೆಯೇ 'ಗಿಂತ' ಬಂದಿದ್ದರೆ ಹೋಲಿಸುವ ಮಾತು. ಅನುಮಾನವಾದರೆ ಬಾಯಿಬಿಟ್ಟು ಓದಿ ನೋಡಿ, ಕಿವಿಗೆ ಗೊತ್ತಾಗುತ್ತದೆ.

ಬಿಡಿಸುವ ಕ್ರಮ

ಒಂದು ಲೆಕ್ಕವನ್ನು ಪೂರ್ತಿ ಬಿಡಿಸೋಣ.

5(ಕ − 3) − 2(4ಕ + 1) ≤ 7 − (ಕ − 4)

ಮೊದಲ ಹಂತ, ಆವರಣ ಬಿಡಿಸುವುದು. ಎಡಬದಿಯಲ್ಲಿ 5ಕ − 15 − 8ಕ − 2. ಇಲ್ಲಿ −2 ಎಂಬುದು ಆವರಣದ ಎರಡೂ ಪದಗಳನ್ನು ಗುಣಿಸಬೇಕು: −2 × 4ಕ ಮತ್ತು −2 × 1. ಎರಡನೆಯದನ್ನು +2 ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಬಲಬದಿಯಲ್ಲಿ ಆವರಣದ ಮುಂದೆ ಸಂಖ್ಯೆ ಕಾಣುವುದಿಲ್ಲ, ಬರೀ ಋಣ ಚಿಹ್ನೆ ಇದೆ. ಅಲ್ಲಿ −1 ಇದೆ ಎಂದು ತಿಳಿಯಿರಿ: 7 − ಕ + 4. ಆವರಣದೊಳಗಿನ −4 ಹೊರಗೆ ಬಂದಾಗ +4 ಆಗುತ್ತದೆ.

ಎರಡನೆಯ ಹಂತ, ಸಜಾತಿ ಪದಗಳನ್ನು ಕೂಡಿಸುವುದು.

−3ಕ − 17 ≤ 11 − ಕ

ಮೂರನೆಯ ಹಂತ, 'ಕ' ಇರುವ ಪದಗಳೆಲ್ಲ ಒಂದು ಕಡೆ, ಬಿಡಿ ಸಂಖ್ಯೆಗಳೆಲ್ಲ ಇನ್ನೊಂದು ಕಡೆ. ಇಲ್ಲಿ ಎರಡು ದಾರಿಗಳಿವೆ. 'ಕ'ವನ್ನು ಎಡಕ್ಕೆ ತಂದರೆ −2ಕ ≤ 28. ಬಲಕ್ಕೆ ಒಯ್ದರೆ −28 ≤ 2ಕ. ನಮ್ಮ ಸಲಹೆ ಸ್ಪಷ್ಟ: ಸಹಗುಣಕ, ಅಂದರೆ 'ಕ'ದ ಮುಂದಿನ ಸಂಖ್ಯೆ, ಧನವಾಗುವ ಕಡೆಗೇ ಒಯ್ಯಿರಿ. ಆಗ ಚಿಹ್ನೆ ತಿರುಗಿಸುವ ಪ್ರಶ್ನೆಯೇ ಬರುವುದಿಲ್ಲ. −3ಕ ಮತ್ತು −ಕ ಇವುಗಳಲ್ಲಿ ಚಿಕ್ಕ ಸಹಗುಣಕ ಇರುವುದು −3ಕ ಪದಕ್ಕೆ. ಎರಡು ಬದಿಗೂ 3ಕ ಕೂಡಿಸಿದರೆ ಕೆಲಸ ಮುಗಿಯಿತು.

ನಾಲ್ಕನೆಯ ಹಂತ, ಸಹಗುಣಕದಿಂದ ಭಾಗಿಸುವುದು. −28 ≤ 2ಕ ಎಂಬುದು −14 ≤ ಕ ಆಗುತ್ತದೆ. ಇದನ್ನು ಎಡದಿಂದ ಓದಲು ಕಷ್ಟವಾದರೆ ತಿರುಗಿಸಿ ಬರೆಯಿರಿ: ಕ ≥ −14. ಚಿಹ್ನೆಯ ಅಗಲವಾದ ಬಾಯಿ ಮೊದಲು ಯಾರ ಕಡೆ ತೆರೆದಿತ್ತೋ ಈಗಲೂ ಅವರ ಕಡೆಯೇ ತೆರೆದಿರಬೇಕು. ಮೊದಲೂ 'ಕ' ಕಡೆ, ಈಗಲೂ 'ಕ' ಕಡೆ.

ಐದನೆಯ ಹಂತವನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ, ಅಸಲಿಗೆ ಅತಿ ಮುಖ್ಯವಾದದ್ದು ಅದೇ: ತಾಳೆ. ಗಡಿ ಸಂಖ್ಯೆಯನ್ನು ಮೂಲ ಲೆಕ್ಕದಲ್ಲೇ ಹಾಕಿ. ಕ = −14 ಆದರೆ ಎಡಬದಿ 5 × (−17) − 2 × (−55) = −85 + 110 = 25. ಬಲಬದಿ 7 − (−18) = 25. ಎರಡೂ ಸಮ, ಅಂದರೆ ಬದು ಸರಿಯಾದ ಜಾಗದಲ್ಲಿದೆ. ಈಗ ಕಡೆ ನೋಡಬೇಕು. ಸೊನ್ನೆ ಹಾಕುವುದು ಸುಲಭ: ಎಡಬದಿ −17, ಬಲಬದಿ 11. −17 ≤ 11 ನಿಜ. ಸೊನ್ನೆ ಎಂಬುದು −14ಕ್ಕಿಂತ ದೊಡ್ಡದು, ಆದ್ದರಿಂದ ನಮ್ಮ ಹೊಲ ದೊಡ್ಡ ಸಂಖ್ಯೆಗಳ ಕಡೆಗೇ ಇದೆ. ಮನಸ್ಸಿಗೆ ಪೂರ್ತಿ ಸಮಾಧಾನ ಬೇಕಿದ್ದರೆ ಆ ಕಡೆಯ −20 ಹಾಕಿ: 43 ≤ 31, ಸುಳ್ಳು. ಸಮೀಕರಣದಲ್ಲಿ ಒಂದು ತಾಳೆ ಸಾಕು, ಅಸಮತೆಗೆ ಎರಡು ಬೇಕು. ಒಂದು ಬದುವಿಗೆ, ಒಂದು ಕಡೆಗೆ.

ಸಂಖ್ಯಾರೇಖೆಯ ಮೇಲೆ −14ರಲ್ಲಿ ತುಂಬಿದ ಚುಕ್ಕೆ ಇಟ್ಟು ಬಲಕ್ಕೆ ಬಾಣ ಎಳೆಯಿರಿ. ಬದು ನಮ್ಮದಲ್ಲದಿದ್ದರೆ, ಅಂದರೆ > ಇದ್ದಿದ್ದರೆ, ಖಾಲಿ ಸುತ್ತು.

ಚಿಹ್ನೆ ತಿರುಗುವುದು ಏಕೆ, ಯಾವಾಗ

'ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಚಿಹ್ನೆ ತಿರುಗಿಸಬೇಕು' ಎಂಬ ನಿಯಮವನ್ನು ಬಾಯಿಪಾಠ ಮಾಡಿದವರು ಅದನ್ನು ಬೇಡದ ಕಡೆಯೂ ಬಳಸುತ್ತಾರೆ. ಕಾರಣ ಗೊತ್ತಿದ್ದರೆ ಹಾಗಾಗುವುದಿಲ್ಲ.

ಸಂಖ್ಯಾರೇಖೆಯ ಮೇಲೆ 3 ಮತ್ತು 5 ಇಡಿ. 5 ಬಲಕ್ಕಿದೆ, 3 < 5. ಎರಡಕ್ಕೂ ಸೊನ್ನೆಯಲ್ಲಿ ಕನ್ನಡಿ ಹಿಡಿಯಿರಿ. ಸೊನ್ನೆಯಿಂದ ಹೆಚ್ಚು ದೂರ ಇದ್ದ 5 ಈಗ ಎಡಕ್ಕೆ ಹೆಚ್ಚು ದೂರ ಹೋಗಿ −5 ಆಯಿತು, 3 ಹತ್ತಿರದಲ್ಲೇ −3 ಆಗಿ ನಿಂತಿತು. ಬಲಕ್ಕಿದ್ದವನು ಎಡಕ್ಕೆ ಬಂದ: −3 > −5. ಸಾಲದ ಲೆಕ್ಕದಲ್ಲಿ ಹೇಳುವುದಾದರೆ, ಕೈಯಲ್ಲಿ ಐದು ಸಾವಿರ ಇರುವವನು ಮೂರು ಸಾವಿರ ಇರುವವನಿಗಿಂತ ಮೇಲು. ಐದು ಸಾವಿರ ಸಾಲ ಇರುವವನು ಮೂರು ಸಾವಿರ ಸಾಲ ಇರುವವನಿಗಿಂತ ಕೆಳಗೆ. ಆಸ್ತಿ ಸಾಲವಾದಾಗ ಕ್ರಮ ತಲೆಕೆಳಗಾಗುತ್ತದೆ.

ಕೂಡಿಸುವಾಗ ಕಳೆಯುವಾಗ ಕನ್ನಡಿ ಇಲ್ಲ, ಎರಡೂ ಒಟ್ಟಿಗೆ ಅಷ್ಟೇ ದೂರ ಸರಿಯುತ್ತವೆ. ಆದ್ದರಿಂದ ಎರಡು ಬದಿಯಿಂದ 8 ಕಳೆದರೂ, −8 ಕೂಡಿಸಿದರೂ ಚಿಹ್ನೆ ಹಾಗೆಯೇ ಇರುತ್ತದೆ. ಇನ್ನೊಂದು ತಪ್ಪು ಹೀಗೆ: 4ಕ < −12 ಎಂಬಲ್ಲಿ ಋಣ ಸಂಖ್ಯೆ ಕಂಡಿದ್ದಕ್ಕೇ ಕ > −3 ಎಂದು ಬರೆಯುವುದು. ಭಾಗಿಸಿದ್ದು 4ರಿಂದ, ಅದು ಧನ. ಉತ್ತರ ಕ < −3. ಯಾವುದನ್ನು ಭಾಗಿಸಿದಿರಿ ಎಂಬುದು ಲೆಕ್ಕಕ್ಕಿಲ್ಲ, ಯಾವುದರಿಂದ ಭಾಗಿಸಿದಿರಿ ಎಂಬುದು ಮಾತ್ರ ಮುಖ್ಯ.

ಚರಾಕ್ಷರದಿಂದಲೇ ಗುಣಿಸುವ ಸಂದರ್ಭ ಬಂದರೆ ನಿಲ್ಲಿ. 'ಕ' ಧನವೋ ಋಣವೋ ಗೊತ್ತಿಲ್ಲದೆ ಅದರಿಂದ ಗುಣಿಸುವಂತಿಲ್ಲ. ತೂಕ, ದೂರ, ಮೂಟೆಯ ಸಂಖ್ಯೆಯಂತಹವು ಋಣವಾಗಲಾರವು, ಅಲ್ಲಿ ಧೈರ್ಯವಾಗಿ ಗುಣಿಸಬಹುದು. ಕಾಫಿ ಒಣಗಿಸುವ ಲೆಕ್ಕದಲ್ಲಿ ಇದು ಬರುತ್ತದೆ.

ಈ ಚಿಹ್ನೆಗಳಿಗೂ ವಯಸ್ಸಿದೆ. < ಮತ್ತು > ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತೀರಿಕೊಂಡ ಹತ್ತು ವರ್ಷದ ಮೇಲೆ ಹೊರಬಂದ ಅವರ ಪುಸ್ತಕದಲ್ಲಿ. 'ಅಥವಾ ಸಮ' ಎಂದು ಅಡಿಗೆರೆ ಸೇರಿಸಿ ಬಳಸಿದ್ದು ಫ್ರಾನ್ಸಿನ ಪಿಯರ್ ಬೂಗೆ, 1734ರಲ್ಲಿ. ಬದು ಯಾರದು ಎಂದು ಬರೆದು ತೋರಿಸುವ ಚಿಹ್ನೆಗೆ ಹ್ಯಾರಿಯಟ್ ಪುಸ್ತಕದಿಂದ ಇನ್ನೂ ನೂರು ವರ್ಷ ಬೇಕಾಯಿತು.

ಛೇದಗಳಿದ್ದಾಗ

(2ಕ − 1)/3 − (ಕ + 4)/2 > −1

3 ಮತ್ತು 2ರ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) 6. ಪ್ರತಿಯೊಂದು ಪದವನ್ನೂ 6ರಿಂದ ಗುಣಿಸಿ. 6 ಧನ, ಚಿಹ್ನೆ ಹಾಗೆಯೇ ಇರುತ್ತದೆ.

2(2ಕ − 1) − 3(ಕ + 4) > −6

4ಕ − 2 − 3ಕ − 12 > −6, ಆದ್ದರಿಂದ ಕ − 14 > −6, ಉತ್ತರ ಕ > 8.

ಎರಡು ಕಡೆ ಜಾರುವ ಸಾಧ್ಯತೆ ಇದೆ. ಭಿನ್ನರಾಶಿಯ ಗೆರೆ ಆವರಣದ ಕೆಲಸ ಮಾಡುತ್ತದೆ. ಛೇದ ಹೋದಾಗ ಗೆರೆಯೂ ಹೋಗುತ್ತದೆ, ಆಗ ಅಂಶಕ್ಕೆ ಆವರಣ ಹಾಕದಿದ್ದರೆ −3ಕ + 12 ಎಂದು ತಪ್ಪಾಗಿ ಬರೆದು ಕ > −16 ಎಂಬ ಉತ್ತರ ಬರುತ್ತದೆ. ಎರಡನೆಯದು, ಬಲಬದಿಯಲ್ಲಿ ಛೇದವಿಲ್ಲದ −1ನ್ನು ಗುಣಿಸಲು ಮರೆಯುವುದು. ಹಾಗೆ ಮಾಡಿದರೆ ಕ > 13. ಮೂರೂ ಉತ್ತರಗಳು ನೋಡಲು ಒಂದೇ ಥರ, ಯಾವುದು ಸರಿ ಎಂದು ಹೇಳುವುದು ತಾಳೆಯೇ: ಕ = 8 ಹಾಕಿದರೆ 15/3 − 12/2 = 5 − 6 = −1, ಗಡಿ ಸರಿ. ಕ = 2 ಹಾಕಿದರೆ 1 − 3 = −2, ಅದು −1ಕ್ಕಿಂತ ದೊಡ್ಡದಲ್ಲ, ಆದ್ದರಿಂದ 2 ಹೊರಗೆ. ಸರಿಯಾಗಿದೆ.

ಕೆಲವೊಮ್ಮೆ ಬಿಡಿಸುತ್ತಾ ಹೋದಂತೆ 'ಕ' ಎರಡು ಬದಿಯಿಂದಲೂ ಮಾಯವಾಗುತ್ತದೆ. ಗಾಬರಿ ಬೇಡ. ಉಳಿದದ್ದು −14 > −18 ಥರ ನಿಜವಾದ ಮಾತಾದರೆ ಯಾವ ಸಂಖ್ಯೆ ಹಾಕಿದರೂ ಸರಿ. 10 < 7 ಥರ ಸುಳ್ಳಾದರೆ ಪರಿಹಾರವೇ ಇಲ್ಲ. ವ್ಯವಹಾರದಲ್ಲಿ ಇದರ ಅರ್ಥ ಸರಳ: ಇಬ್ಬರು ಗಾಡಿಯವರೂ ಕಿಲೋಮೀಟರಿಗೆ ಒಂದೇ ದರ ಕೇಳಿ, ಒಬ್ಬರು ಮಾತ್ರ ದಿನದ ಬಾಡಿಗೆ ಜಾಸ್ತಿ ಹೇಳಿದರೆ ಎಷ್ಟು ದೂರ ಹೋದರೂ ಅವರು ದುಬಾರಿಯೇ.

ಎರಡು ಬದುಗಳ ನಡುವೆ

−5 < 3 − 2ಕ ≤ 9

ಮೂರು ಭಾಗಕ್ಕೂ ಒಂದೇ ಕೆಲಸ ಮಾಡಿ. 3 ಕಳೆದರೆ −8 < −2ಕ ≤ 6. −2ರಿಂದ ಭಾಗಿಸಿದರೆ ಎರಡು ಚಿಹ್ನೆಯೂ ತಿರುಗುತ್ತವೆ: 4 > ಕ ≥ −3. ಚಿಕ್ಕದು ಎಡಕ್ಕೆ ಬರುವಂತೆ ಬರೆದರೆ −3 ≤ ಕ < 4. ಯಾವ ಬದು ನಮ್ಮದು, ಯಾವುದು ಅಲ್ಲ ಎಂಬುದು ತಿರುಗಿಸುವ ಗಡಿಬಿಡಿಯಲ್ಲಿ ಅದಲುಬದಲಾಗದಂತೆ ನೋಡಿಕೊಳ್ಳಿ. ಕ = −3 ಹಾಕಿದರೆ 9, ಒಳಗಿದೆ. ಕ = 4 ಹಾಕಿದರೆ −5, ಹೊರಗಿದೆ.

ಆಲೂಗಡ್ಡೆ ಎಷ್ಟು ಮೂಟೆ ಬಂದರೆ ಗಿಟ್ಟುತ್ತದೆ

ಹಾಸನ ಸುತ್ತಮುತ್ತ ಮುಂಗಾರಿಗೆ ಆಲೂಗಡ್ಡೆ ಹಾಕುವವರು ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗೆಡ್ಡೆ ಕೊಳ್ಳುವ ದಿನವೇ ಈ ಲೆಕ್ಕ ಹಾಕಬೇಕು. ಕೆಳಗಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ವರ್ಷದ ದರ ಹಾಕಿಕೊಳ್ಳಿ.

ಒಂದು ಎಕರೆಗೆ ಬಿತ್ತನೆ, ಗೊಬ್ಬರ, ಔಷಧಿ, ಉಳುಮೆ, ಕೂಲಿ ಎಲ್ಲ ಸೇರಿ 52,000 ರೂಪಾಯಿ. ಇದು ಬೆಳೆ ಬಂದರೂ ಬರದಿದ್ದರೂ ಆಗುವ ಖರ್ಚು. ಕೀಳುವುದು, ಚೀಲ, ಸಾಗಣೆಗೆ ಮೂಟೆಗೆ 90. 50 ಕೆ.ಜಿ. ಮೂಟೆಗೆ 1,000 ಸಿಗುತ್ತದೆ ಎಂದುಕೊಳ್ಳೋಣ. ಮನೆಗೆ, ನೆಂಟರಿಗೆ 5 ಮೂಟೆ. ಉಳಿಯಬೇಕಾದದ್ದು ಕನಿಷ್ಠ 15,000. ಕಿತ್ತ ಮೂಟೆಗಳು 'ಮ' ಆದರೆ ಮಾರುವುದು ಮ − 5, ಆದರೆ ಕೀಳುವ ಖರ್ಚು ಪೂರ್ತಿ 'ಮ'ಕ್ಕೆ ಬೀಳುತ್ತದೆ. ಇಲ್ಲಿ ಎರಡಕ್ಕೂ ಒಂದೇ ಸಂಖ್ಯೆ ಹಾಕುವವರು ಬಹಳ.

1,000(ಮ − 5) − 90ಮ − 52,000 ≥ 15,000

1,000ಮ − 5,000 − 90ಮ − 52,000 ≥ 15,000

910ಮ ≥ 72,000

ಮ ≥ 79.12…

ಕ್ಯಾಲ್ಕುಲೇಟರ್ 79.12 ತೋರಿಸಿದಾಗ ಶಾಲೆಯ ರೂಢಿಯಂತೆ 79 ಎಂದು ಬರೆಯುವ ಹಾಗಿಲ್ಲ. 79 ಗಡಿಯ ಆಚೆ ಕಡೆ ಇದೆ. 79 ಮೂಟೆಗೆ ಉಳಿಯುವುದು 74,000 − 7,110 − 52,000 = 14,890, ಸಾಲದು. 80ಕ್ಕೆ 75,000 − 7,200 − 52,000 = 15,800, ಸಾಕು. ≥ ಇದ್ದು ಪೂರ್ಣಾಂಕವೇ ಬೇಕಿದ್ದರೆ ಮೇಲಕ್ಕೆ, ≤ ಇದ್ದರೆ ಕೆಳಕ್ಕೆ. ದಶಾಂಶ 5ಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ನೋಡುವ ಪದ್ಧತಿ ಇಲ್ಲಿ ನಡೆಯುವುದಿಲ್ಲ.

ಅದೇ ಅಸಮತೆಯನ್ನು ಇನ್ನೊಂದು ಕಡೆಯಿಂದಲೂ ಕೇಳಬಹುದು. ಅಂಗಮಾರಿ ರೋಗ ಬಿದ್ದು 50 ಮೂಟೆಯೇ ಕೈಗೆ ಬಂತು, ಅಸಲಾದರೂ ಹುಟ್ಟಬೇಕಾದರೆ ಮೂಟೆಗೆ ಎಷ್ಟು ಸಿಗಬೇಕು? ಬೆಲೆ 'ಬ' ಆದರೆ 45ಬ − 4,500 − 52,000 ≥ 0. ಅಂದರೆ 45ಬ ≥ 56,500, ಬ ≥ 1,255.55… ಮೂಟೆಗೆ 1,256 ರೂಪಾಯಿ, ಕೆ.ಜಿ.ಗೆ 25 ರೂಪಾಯಿ 12 ಪೈಸೆ. ಮಾರುಕಟ್ಟೆಗೆ ಹೊರಡುವ ಮುಂಚೆ ಈ ಸಂಖ್ಯೆ ಜೇಬಿನಲ್ಲಿದ್ದರೆ ಯಾವ ಬೆಲೆಗೆ ನಷ್ಟ ಶುರುವಾಗುತ್ತದೆ ಎಂದು ಗೊತ್ತಿರುತ್ತದೆ.

ಬಾಡಿಗೆ ಗಾಡಿ: ಎರಡು ಬದಿಯಲ್ಲೂ ಚರಾಕ್ಷರ

ಹಾಸನದಿಂದ ಬೇಲೂರು, ಹಳೇಬೀಡು ನೋಡಿಕೊಂಡು ವಾಪಸ್ ಬರಲು ಸುಮಾರು 90 ಕಿ.ಮೀ. ಮೊದಲ ಗಾಡಿಯವರು ಕಿ.ಮೀ.ಗೆ 14 ರೂಪಾಯಿ, ಚಾಲಕರ ಬಾಟಾ 400 ಅನ್ನುತ್ತಾರೆ. ಎರಡನೆಯವರು ದಿನಕ್ಕೆ 2,500, ಮೇಲೆ ಕಿ.ಮೀ.ಗೆ 9 ಅನ್ನುತ್ತಾರೆ. ದೂರ 'ದ' ಆದರೆ ಮೊದಲನೆಯದು ಅಗ್ಗವಾಗುವುದು ಯಾವಾಗ?

14ದ + 400 < 2,500 + 9ದ

5ದ < 2,100, ದ < 420

90 ಕಿ.ಮೀ. 420ಕ್ಕಿಂತ ಎಷ್ಟೋ ಕಡಿಮೆ, ಮೊದಲ ಗಾಡಿಯೇ ಸರಿ ಎಂದು ಬುಕ್ ಮಾಡಿದರೆ ಮೋಸ ಹೋದಂತೆ. ಬಾಡಿಗೆ ಗಾಡಿಗಳಿಗೆ ಸಾಮಾನ್ಯವಾಗಿ 'ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ.' ಎಂಬ ಷರತ್ತು ಇರುತ್ತದೆ. ಮೊದಲನೆಯವರ ಕನಿಷ್ಠ 250 ಕಿ.ಮೀ. ಎಂದಿಟ್ಟುಕೊಳ್ಳಿ. ಆಗ 14ದ + 400 ಎಂಬ ಪದೋಕ್ತಿ ದ ≥ 250 ಆದಾಗ ಮಾತ್ರ ನಿಜ. ಅದಕ್ಕಿಂತ ಕಡಿಮೆ ಓಡಿದರೂ ಕೊಡಬೇಕಾದ್ದು 250 × 14 + 400 = 3,900. ಆದ್ದರಿಂದ 250ರ ಕೆಳಗೆ ಬೇರೆ ಅಸಮತೆ ಬೇಕು:

3,900 < 2,500 + 9ದ

1,400 < 9ದ, ದ > 155.55…

ಎರಡನ್ನೂ ಸೇರಿಸಿದರೆ ಮೊದಲ ಗಾಡಿ ಅಗ್ಗವಾಗುವುದು 156 ಕಿ.ಮೀ.ಯಿಂದ 419 ಕಿ.ಮೀ.ವರೆಗೆ ಮಾತ್ರ. 420ಕ್ಕೆ ಎರಡೂ ಸಮ, 6,280. ನಮ್ಮ 90 ಕಿ.ಮೀ. ಪ್ರವಾಸಕ್ಕೆ ಎರಡನೆಯ ಗಾಡಿಗೆ 3,310, ಮೊದಲನೆಯದಕ್ಕೆ 3,900. ಬೀಜಗಣಿತ ಎಲ್ಲೂ ತಪ್ಪಿರಲಿಲ್ಲ. ಬರೆದ ಪದೋಕ್ತಿ ಯಾವ ವ್ಯಾಪ್ತಿಯಲ್ಲಿ ನಿಜ ಎಂದು ಕೇಳದೇ ಇದ್ದದ್ದು ತಪ್ಪು. ಕರೆಂಟ್ ಬಿಲ್ಲಿನ ಸ್ಲ್ಯಾಬ್, ಕೂಲಿಯ ಮೇಲಿನ ಬೋನಸ್, ಮೊಬೈಲ್ ಪ್ಲಾನ್ ಎಲ್ಲದರಲ್ಲೂ ಈ ಪ್ರಶ್ನೆ ಮೊದಲು ಕೇಳಿ.

ಕಣದಲ್ಲಿ ಕಾಫಿ ಎಷ್ಟು ಒಣಗಬೇಕು

ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ನೀರು ಬಸಿದ ಪಾರ್ಚ್‌ಮೆಂಟ್ ಕಾಫಿ (ಒಳಹೊಟ್ಟು ಇನ್ನೂ ಇರುವ ಬೀಜ) 400 ಕೆ.ಜಿ. ಇದೆ, ಅದರಲ್ಲಿ ಅರ್ಧ, ಅಂದರೆ ಶೇ. 50, ನೀರು ಎಂದುಕೊಳ್ಳೋಣ. ಶೇ. 10ಕ್ಕಿಂತ ಹೆಚ್ಚು ತೇವ ಉಳಿಯಬಾರದು. ತೂಕ ಎಷ್ಟಕ್ಕೆ ಇಳಿಯಬೇಕು?

ಬಾಯಿಲೆಕ್ಕ ಹೀಗೆ ಹೋಗುತ್ತದೆ: ಶೇ. 50ರಿಂದ 10ಕ್ಕೆ, ಅಂದರೆ ಶೇ. 40 ಇಳಿಯಬೇಕು, 400ರಲ್ಲಿ 160, ಉಳಿಯುವುದು 240. ಇದು ತಪ್ಪು, ಮೂಟೆ ಕಟ್ಟಿದ ಮೇಲೆ ಬೂಸ್ಟು ಹಿಡಿಯುವಷ್ಟು ತಪ್ಪು. ಒಣಗುವಾಗ ನೀರು ಮಾತ್ರ ಹೋಗುತ್ತದೆ, ಒಣ ಪದಾರ್ಥ 200 ಕೆ.ಜಿ. ಹಾಗೆಯೇ ಇರುತ್ತದೆ. ಶೇಕಡಾವಾರು ಮಾತ್ರ ಪ್ರತಿ ದಿನ ಹೊಸ ತೂಕದ ಮೇಲೆ ಲೆಕ್ಕ. 240 ಕೆ.ಜಿ. ಇರುವಾಗ ನೀರು 40, ಅಂದರೆ ಶೇ. 16.7.

ಕೊನೆಯ ತೂಕ 'ತ' ಆದರೆ ನೀರು ತ − 200.

(ತ − 200)/ತ ≤ 10/100

ಇಲ್ಲಿ 'ತ'ದಿಂದ ಗುಣಿಸಬೇಕು. ತೂಕ ಧನವೇ, ಚಿಹ್ನೆ ತಿರುಗುವುದಿಲ್ಲ.

ತ − 200 ≤ 0.1ತ

0.9ತ ≤ 200, ತ ≤ 222.22…

ಆದರೆ ಅತಿಯಾಗಿ ಒಣಗಿಸಿದರೆ ತೂಕವೂ ಹೋಗುತ್ತದೆ, ಬೀಜವೂ ಪುಡಿಯಾಗುತ್ತದೆ. ಶೇ. 9ಕ್ಕಿಂತ ಕೆಳಗೆ ಇಳಿಸುವುದು ಬೇಡ ಎಂದರೆ ತ − 200 ≥ 0.09ತ, 0.91ತ ≥ 200, ತ ≥ 219.78… ಎರಡೂ ಬದು ಸೇರಿಸಿ, ಕೆಳಗಿನದನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಸರಿಸಿ ಬರೆದರೆ:

219.8 ≤ ತ ≤ 222.2

ನಾನೂರು ಕೆ.ಜಿ.ಯಲ್ಲಿ ಎರಡೂವರೆ ಕೆ.ಜಿ.ಯೂ ಇಲ್ಲದ ಕಿಂಡಿ. ಕಣ ಪೂರ್ತಿ ತೂಗಲು ಆಗುವುದಿಲ್ಲವಾದ್ದರಿಂದ ಮೊದಲ ದಿನವೇ ಸರಿಯಾಗಿ 1 ಕೆ.ಜಿ. ಬೇರೆ ತಟ್ಟೆಯಲ್ಲಿ ತೆಗೆದು ಅದೇ ಬಿಸಿಲಿನಲ್ಲಿ ಅದೇ ದಪ್ಪಕ್ಕೆ ಹರಡಿ, ದಿನಾ ತೂಗಿ. ಅದು 550ರಿಂದ 555 ಗ್ರಾಂ ನಡುವೆ ಬಂದಾಗ ಕಣದ ಕಾಫಿಯೂ ಅಲ್ಲಿಗೆ ಬಂದಿರುತ್ತದೆ. ಶುರುವಿನ ತೇವ ಶೇ. 50 ಅಲ್ಲದಿದ್ದರೆ ಈ ಅಂಕಿಗಳು ಬದಲಾಗುತ್ತವೆ. ತೇವ ಶೇ. 54 ಇದ್ದರೆ 400 ಕೆ.ಜಿ.ಯಲ್ಲಿ ಒಣ ಪದಾರ್ಥ 184 ಕೆ.ಜಿ., ಆಗ ಮೇಲಿನ ಬದು 184/0.9, ಅಂದರೆ 204.4 ಕೆ.ಜಿ. ಅದಕ್ಕೇ ಮೂಟೆ ಕಟ್ಟುವ ಮುನ್ನ ತೇವಮಾಪಕದಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮುಳ್ಳಯ್ಯನಗಿರಿಯ ಚಳಿ

ಋಣ ಸಹಗುಣಕ ತಾನಾಗಿಯೇ ಬರುವ ಲೆಕ್ಕ ಬೇಕಿದ್ದರೆ ಬೆಟ್ಟ ಹತ್ತಬೇಕು. ಎತ್ತರ 1,000 ಮೀಟರ್ ಹೆಚ್ಚಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀ., ಮುಳ್ಳಯ್ಯನಗಿರಿಯ ತುದಿ 1,930 ಮೀ. ಪೇಟೆಯಲ್ಲಿ 26 ಡಿಗ್ರಿ ಇದ್ದರೆ ಯಾವ ಎತ್ತರದಿಂದ ಮೇಲೆ 22 ಡಿಗ್ರಿ ಮೀರುವುದಿಲ್ಲ? ಪೇಟೆಯಿಂದ ಮೇಲಕ್ಕೆ 'ಎ' ಕಿ.ಮೀ. ಆದರೆ 26 − 6.5ಎ ≤ 22, −6.5ಎ ≤ −4. −6.5ರಿಂದ ಭಾಗಿಸಿ, ಚಿಹ್ನೆ ತಿರುಗಿಸಿ: ಎ ≥ 0.615… ಅಂದರೆ 616 ಮೀ. ಮೇಲೆ, ಸಮುದ್ರಮಟ್ಟದಿಂದ ಸುಮಾರು 1,706 ಮೀ. ಚಿಹ್ನೆ ತಿರುಗಿಸಲು ಮರೆತಿದ್ದರೆ 'ಪೇಟೆಯಿಂದ 616 ಮೀ. ತನಕ ತಂಪು, ಮೇಲೆ ಸೆಕೆ' ಎಂಬ ಉತ್ತರ ಬರುತ್ತಿತ್ತು. ಬೆಟ್ಟ ಹತ್ತಿದ ಯಾರೂ ಅದನ್ನು ಒಪ್ಪುವುದಿಲ್ಲ. ಉತ್ತರವನ್ನು ಮಾತಿನಲ್ಲಿ ಹೇಳಿ ನೋಡುವುದೂ ಒಂದು ತಾಳೆಯೇ.

ಅಂಕದ ಲೆಕ್ಕ

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625. ಗಣಿತ ಬಿಟ್ಟು ಉಳಿದವುಗಳಲ್ಲಿ 440 ಬರುತ್ತದೆ ಎಂದು ಅಂದಾಜು ಇರುವವರಿಗೆ ಶೇ. 85 ಆಗಲು ಗಣಿತದಲ್ಲಿ ಎಷ್ಟು ಬೇಕು? (440 + ಗ)/625 ≥ 85/100, 440 + ಗ ≥ 531.25, ಗ ≥ 91.25. ಬೇಕಾದ್ದು 92. ಉಳಿದವುಗಳಲ್ಲಿ 430 ಆದರೆ ಗ ≥ 101.25. ಗಣಿತಕ್ಕೆ ಇರುವುದೇ 100. ಅಸಮತೆಗೆ ಉತ್ತರ ಇದೆ, ಆದರೆ ಆ ಹೊಲ ಊರ ಗಡಿಯ ಆಚೆಗಿದೆ. ಅಂದರೆ ಗಣಿತವೊಂದನ್ನೇ ನೆಚ್ಚಿಕೊಳ್ಳದೆ ಬೇರೆ ವಿಷಯದಲ್ಲೂ ಏರಿಸಬೇಕು ಎಂದು ಪರೀಕ್ಷೆಗೆ ಮುಂಚೆಯೇ ತಿಳಿಯುತ್ತದೆ.

ಕೈಯಾರೆ ಮಾಡಿ ನೋಡಲು

ಒಂದು. 3(2 − ಕ) + 4 < 1 − (ಕ + 5). ಆವರಣ ಬಿಡಿಸಿದರೆ 10 − 3ಕ < −4 − ಕ. ಧನ ಸಹಗುಣಕದ ಕಡೆ ಒಯ್ದರೆ 14 < 2ಕ, ಉತ್ತರ ಕ > 7. ಏಳನ್ನು ಹಾಕಿದರೆ ಎರಡೂ ಬದಿ −11.

ಎರಡು. (ಕ − 2)/4 − (3ಕ + 1)/8 ≥ 1/2. ಎಂಟರಿಂದ ಗುಣಿಸಿದರೆ 2ಕ − 4 − 3ಕ − 1 ≥ 4, ಅಂದರೆ −ಕ ≥ 9, ಉತ್ತರ ಕ ≤ −9.

ಮೂರು. ಕಾಫಿ ಹಣ್ಣು ಕೀಳಲು ಎರಡು ಬಗೆಯ ಕೂಲಿ ಇದೆ ಎಂದುಕೊಳ್ಳಿ. ಒಂದರಲ್ಲಿ ದಿನಕ್ಕೆ 450, 60 ಕೆ.ಜಿ. ದಾಟಿದ ಮೇಲೆ ಹೆಚ್ಚಿನ ಪ್ರತಿ ಕೆ.ಜಿ.ಗೆ 3 ರೂಪಾಯಿ. ಇನ್ನೊಂದರಲ್ಲಿ ಕೆ.ಜಿ.ಗೆ ಐದೂವರೆ. ಕೀಳುವವರಿಗೆ ಎರಡನೆಯದು ಲಾಭ ಆಗುವುದು ಯಾವಾಗ? 60 ಮತ್ತು ಅದಕ್ಕಿಂತ ಹೆಚ್ಚು ಕಿತ್ತರೆ 5.5ಕ > 450 + 3(ಕ − 60), ಅಂದರೆ 2.5ಕ > 270, ಕ > 108. ಅರವತ್ತರ ಕೆಳಗೆ ಬೇರೆಯಾಗಿ ನೋಡಬೇಕು: 5.5ಕ > 450 ಆಗಲು ಕ > 81.8 ಬೇಕು, ಅದು 60ರ ಕೆಳಗೆ ಇರಲಾರದು. ಆದ್ದರಿಂದ 108 ಕೆ.ಜಿ. ದಾಟುವವರಿಗೆ ಮಾತ್ರ ಕೆ.ಜಿ. ಲೆಕ್ಕ ಲಾಭ, ಸರಿಯಾಗಿ 108 ಕಿತ್ತವರಿಗೆ ಎರಡರಲ್ಲೂ 594 ರೂಪಾಯಿ.